ತಂಗಿಯ ತಗಡುಗಳ ಹಿಂದೆ ಪೋರ್ಚುಗಲ್ಲಿಗೆ

ಕಣಕುಂಬಿ

ಗೋವಾದ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ನಮ್ಮ ಗಾಡಿ ಕಣಕುಂಬಿಯಲ್ಲಿ ಚಹಾಕ್ಕೆ ನಿಂತಿತು. ಅಂಗಡಿಯ ಹಿಂದೆ ಭತ್ತದ ಗದ್ದೆ. ಗದ್ದೆಯ ಅಂಚಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಹಳೆಯ ಎಣ್ಣೆ ಡಬ್ಬಿಯ ತಗಡುಗಳನ್ನು ತೂಗುಬಿಟ್ಟಿದ್ದರು. ಗಾಳಿ ಬಂದಾಗ ಅವು ಒಂದಕ್ಕೊಂದು ಬಡಿದು ಸದ್ದು ಮಾಡುತ್ತಿದ್ದವು. ಹಂದಿ, ಮಂಗ ಬರಬಾರದು ಅಂತ ಆ ಕಡೆಯ ಊರುಗಳಲ್ಲಿ ಹೀಗೆ ಮಾಡುತ್ತಾರೆ. ನಮ್ಮ ಅವ್ವನ ತವರೂ ಅಲ್ಲೇ ಹತ್ತಿರ. ಚಿಕ್ಕಂದಿನಿಂದ ಎಷ್ಟೋ ಸಲ ನೋಡಿದ್ದೇ ಆದ್ದರಿಂದ ಚಹಾ ಕುಡಿದು ಗಾಡಿ ಹತ್ತಿದೆ. ಆ ತಗಡುಗಳನ್ನು ಇನ್ನೊಂದು ಸ್ವಲ್ಪ ಹೊತ್ತು ನೋಡಿದ್ದರೆ, ಪೋರ್ಚುಗಲ್ ತನಕ ಹೋಗಿ ತಿಳಿದುಕೊಂಡದ್ದು ನನಗೆ ಅಲ್ಲೇ ತಿಳಿಯುತ್ತಿತ್ತು.

ನಾನು ಬೆಳಗಾವಿಯ ಶಹಾಪುರದಲ್ಲಿ ತಗಡಿನ ಕೆಲಸ ಮಾಡುವವನು. ನಮ್ಮ ಕಡೆ ಪತ್ರಾ ಕೆಲಸ ಅನ್ನುತ್ತಾರೆ. ಟ್ರಂಕು, ಕಾಳಿನ ಡಬ್ಬಿ, ಮಾಳಿಗೆಯ ನೀರು ಇಳಿಯುವ ದೋಣಿ, ಇಂಥವು. ಓದಿದ್ದು ಹತ್ತನೇ ಇಯತ್ತೆ. ನನ್ನ ತಂಗಿ ಕಸ್ತೂರಿ ಮಾತ್ರ ಚಿತ್ರಕಲೆಯ ಕಾಲೇಜಿಗೆ ಹೋದಳು. ಕಲಿತು ಬಂದು, ಬಣ್ಣ ಕುಂಚ ಎಲ್ಲ ಬದಿಗಿಟ್ಟು, ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಪತ್ರಾ ಬಡಿಯುತ್ತ ಕೂತಳು. ಮೂವತ್ತಾರು ಹಾಳೆ ಬಡಿದಳು. ಪೋರ್ಚುಗಲ್ಲಿನ ಸಮುದ್ರದಂಡೆಯ ಒಂದು ಸಣ್ಣ ಊರಿನ ಕಲಾ ಕೇಂದ್ರದವರು ಅವನ್ನು ಕೇಳಿ ಪತ್ರ ಬರೆದರು. ಒಪ್ಪಿಗೆ ಬರೆದು ಕಳಿಸಿದ ಎರಡು ತಿಂಗಳಿಗೆ, ಹೋದ ವರ್ಷದ ಆಷಾಢದಲ್ಲಿ, ತಲೆನೋವು ಅಂತ ಮಲಗಿದವಳು ಏಳಲಿಲ್ಲ. ಮೆದುಳಲ್ಲಿ ರಕ್ತನಾಳ ಒಡೆದಿತ್ತು. ನಲವತ್ತೊಂದು ವಯಸ್ಸು.

ತಗಡುಗಳು ಹಡಗಿನಲ್ಲಿ ಮುಂದೆ ಹೋದವು. ವರ್ಷ ಕಳೆದ ಮೇಲೆ ಅವರೇ ಬರೆದರು: ಪ್ರದರ್ಶನಕ್ಕೆ ಮನೆಯವರು ಒಬ್ಬರು ಬರಬೇಕು, ಅವಳ ಬಗ್ಗೆ ಗೋಡೆಯ ಮೇಲೆ ಹಾಕುವ ಬರಹವನ್ನು ಓದಿ ಸಹಿ ಮಾಡಬೇಕು, ಆಮೇಲೆ ಕೃತಿ ಶಾಶ್ವತವಾಗಿ ಅಲ್ಲೇ ಇರುತ್ತದೆ, ಆ ಬರಹವೂ ಅದರ ಜೊತೆಗೇ ಇರುತ್ತದೆ ಅಂತ.

“ನೀನs ಹೋಗು ಈರಾ,” ಅಂದಳು ಅವ್ವ. “ಆಕಿ ಬಗ್ಗೆ ಮಂದಿ ಏನ ಬರದಾರ, ಯಾರರೆ ಒಬ್ರು ನೋಡಬೇಕಲಾ.”

ಗೋವಾ

ನನ್ನ ಕೈಚೀಲದಲ್ಲಿ ಪತ್ರಾ ಕತ್ತರಿಸುವ ಕತ್ತರಿ ಇತ್ತು. ಹಿಡಿಗೆ ಕಸ್ತೂರಿ ನೀಲಿ ಟೇಪು ಸುತ್ತಿದ್ದಳು. ಅಲ್ಲಿ ಏನಾದರೂ ರಿಪೇರಿ ಬಂದರೆ ಬೇಕಾಗುತ್ತದೆ ಅಂತ ತಂದಿದ್ದೆ. ತಪಾಸಣೆಯವನು ಅದನ್ನು ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟ. ನನ್ನ ಮುಖ ನೋಡಿ, ಊರು ಕೇಳಿ, ಕನ್ನಡದಲ್ಲೇ ಶುರು ಮಾಡಿದ. ಬೈಲಹೊಂಗಲದವನಂತೆ.

“ಯಜಮಾನ್ರ, ಇದ್ಯಾಕ್ರಿ?”

“ಪತ್ರಾ ಕತ್ತರಿಸಾಕ್ರಿ.”

“ನೀವು ಈಗ ಹತ್ತೂ ವಿಮಾನಾನೂ ಪತ್ರಾದ್ದs ಐತ್ರಿ. ಇಲ್ಲೇ ಇಡ್ರಿ ಅದನ್ನ.”

ಹಿಂದೆ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಕುರ್ಚಿಯಲ್ಲಿ ಕೂತಾಗ ಆ ನೀಲಿ ಟೇಪು ನೆನಪಾಗಿ ಬಹಳ ಹೊತ್ತು ಯಾರ ಕಡೆಗೂ ನೋಡಲಿಲ್ಲ.

ಸಮುದ್ರದಂಡೆಯ ಊರು

ವಿದೇಶ ಅಂದರೆ ಗಾಜಿನ ಕಟ್ಟಡಗಳು ಅಂತ ನಾನು ತಿಳಿದಿದ್ದೆ. ಈ ಊರಿನಲ್ಲಿ ಕೆಂಪು ಹಂಚಿನ ಮನೆಗಳು. ಕಣ್ಣು ಕಿರಿದು ಮಾಡಿ ನೋಡಿದರೆ ನಾವು ಹುಟ್ಟಿ ಬೆಳೆದ ಖಾನಾಪುರದ ಓಣಿಯೇ. ಹೆಂಗಸರು ಕಿಟಕಿಯಿಂದ ಅರಿವೆ ಒಣಗಲು ಬಿಟ್ಟು, ಅದೇ ಕಿಟಕಿಯಿಂದ ಎದುರು ಮನೆಯವರ ಜೊತೆ ಮಾತಾಡುತ್ತಾರೆ. ಗಂಡಸರು ಅಂಗಡಿಯ ಕಟ್ಟೆಗೆ ನಿಂತು ಬೊಟ್ಟಿನಷ್ಟು ಕಪ್ಪಿನಲ್ಲಿ ಕಾಫಿಯನ್ನು ಎರಡು ಗುಟುಕಿಗೆ ಮುಗಿಸಿ, ಆಮೇಲೂ ಮಾತಾಡುತ್ತ ನಿಲ್ಲುತ್ತಾರೆ. ಅಷ್ಟು ಕಡಿಮೆ ಕುಡಿದು ಅಷ್ಟು ಹೊತ್ತು ಮಾತಾಡುವವರನ್ನು ನಾನು ಖಾನಾಪುರ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟರೆ ಅಲ್ಲಿಯೇ ನೋಡಿದ್ದು.

ನನಗೆ ಮಾತು ದಾಟಿಸಲು ಸಾಯಲಿ ಅನ್ನುವ ಹುಡುಗಿಯನ್ನು ಗೊತ್ತು ಮಾಡಿದ್ದರು. ಪುಣೆಯವಳು, ಅಲ್ಲಿ ಓದಲು ಬಂದವಳು. ಕನ್ನಡ ಬಲ್ಲವರು ಸಿಗದೆ, ಬೆಳಗಾವಿಯವರಿಗೆ ಮರಾಠಿ ಬರುತ್ತದೆ ಅಂತ ಅವಳನ್ನು ಹಿಡಿದಿದ್ದರು. ನನಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ನಾವಿಬ್ಬರೂ ಆಡಿದ್ದು ಮರಾಠಿಯಲ್ಲಿ. ಇಲ್ಲಿ ನಮ್ಮ ಕನ್ನಡದಲ್ಲಿ ಬರೆದಿದ್ದೇನೆ.

“ಕಾಕಾ, ನಾಡದ್ದಿನ ಕಾರ್ಯಕ್ರಮಕ್ಕ ನೀವು ನಿಮ್ಮ ಕಡೆ ಉಡುಪು ಹಾಕ್ಕೊಂಡು ಬರ್ಬೇಕಂತ. ಮನ್ಯಾಗ ನೀವು ಏನ ಹಾಕ್ಕೊತೀರೋ ಅದನ್ನ.”

“ಮನ್ಯಾಗ ನಾ ಬನಿಯನ್ನು, ಅರ್ಧಾ ಚಡ್ಡಿ ಹಾಕ್ಕೊತೀನಿ. ನಡೀತೈತೇನು ಕೇಳವಾ.”

ಅವಳು ನಗುತ್ತ ಅದನ್ನು ದಾಟಿಸಲಿಲ್ಲ.

ಕಲಾ ಕೇಂದ್ರ ಇದ್ದದ್ದು ಹಳೆಯ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ. ಬಾಗಿಲಲ್ಲಿ ಕಾವಲಿಗೆ ಕೂತಿದ್ದ ಮುದುಕಿಯ ಎದೆಯ ಮೇಲೆ ಹೆಸರಿನ ಪಟ್ಟಿ. ಸಾಯಲಿ ಅದನ್ನು ಓದಿ, “ಈಕಿ ಫಾತಿಮಾ” ಅಂದಳು. ಶಹಾಪುರದಲ್ಲಿ ನಮ್ಮ ಬಾಜು ಮನೆಯವರೂ ಫಾತಿಮಾ. ನಾನು ದೊಡ್ಡ ಗುರುತಿನವನಂತೆ ಎದೆಗೆ ಕೈ ಹಚ್ಚಿ “ಅಸ್ಸಲಾಮು ಅಲೈಕುಂ” ಅಂದೆ. ಮುದುಕಿ ಕಣ್ಣರಳಿಸಿ, ಕೊರಳಿನ ಶಿಲುಬೆಯನ್ನು ಹೊರಗೆ ತೆಗೆದು ತೋರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿ ಆ ಹೆಸರು ಕ್ರೈಸ್ತರದು. ಹೆಸರು ಕೇಳಿದ ಗಳಿಗೆಗೆ ಅವಳ ದೇವರನ್ನು ನಾನೇ ಗೊತ್ತು ಮಾಡಿಬಿಟ್ಟಿದ್ದೆ. ಈ ಮಾತನ್ನು ಮುಚ್ಚಿಟ್ಟು ಮುಂದಿನದನ್ನು ಬರೆಯುವುದು ಸರಿಯಲ್ಲ ಅಂತ ಬರೆಯುತ್ತಿದ್ದೇನೆ.

ಫಾತಿಮಾ ನನ್ನ ಕೈ ಹಿಡಿದು ಹೊರಳಿಸಿ ನೋಡಿದಳು. ಬೆರಳುಗಳ ಮೇಲೆ ಹಳೆಯ ಕೊಯ್ತದ ಗೆರೆಗಳು. ತನ್ನ ಕೈ ತೋರಿಸಿದಳು. ಅಲ್ಲಿಯೂ ಅವೇ ಗೆರೆಗಳು. ಹದಿನಾರನೇ ವಯಸ್ಸಿನಿಂದ ಅದೇ ಕಾರ್ಖಾನೆಯಲ್ಲಿ ಡಬ್ಬಿಯ ಮುಚ್ಚಳ ಕತ್ತರಿಸಿದವಳಂತೆ. ವಯಸ್ಸನ್ನು ಸಾಯಲಿ ದಾಟಿಸಿದಳು; ಗೆರೆಗಳಿಗೆ ಅವಳು ಬೇಕಾಗಲಿಲ್ಲ.

ಎರಡನೆಯ ದಿನ, ಡಬ್ಬಿ ಕಾರ್ಖಾನೆ

ಪ್ರದರ್ಶನದ ಉಸ್ತುವಾರಿ ಇನೆಸ್ ಅನ್ನುವ ಹೆಂಗಸಿನದು. ಒಳ್ಳೆಯ ಮನುಷ್ಯಳು. ನನ್ನ ಎರಡೂ ಕೈ ಹಿಡಿದು, ಕಸ್ತೂರಿಯ ಹೆಸರು ಹೇಳಿ ಕಣ್ಣೊರೆಸಿಕೊಂಡಳು. ಆಮೇಲೆ ದೊಡ್ಡ ಹಾಲಿನ ಬಾಗಿಲು ತೆರೆದಳು.

ಮೂವತ್ತಾರು ತಗಡುಗಳೂ ಸಾಲಾಗಿ ತೂಗುತ್ತಿದ್ದವು. ಒಂದೊಂದನ್ನೂ ನಾನು ಗುರುತು ಹಿಡಿದೆ. ಇದು ಬಡಿಯುವಾಗ ಅವಳಿಗೆ ಜ್ವರ ಇತ್ತು. ಇದರ ಮೂಲೆ ನಾನು ಮಡಚಿಕೊಟ್ಟದ್ದು. ಈ ಹಾಳೆ ಖಾನಾಪುರದಲ್ಲಿ ಅಪ್ಪನ ಅಂಗಡಿಗೆ ಬಾಗಿಲಾಗಿದ್ದದ್ದು. ನಾನು ಹತ್ತಿರ ಹೋಗಿ ನಿಂತೆ. ಏನೋ ಕಡಿಮೆ ಅನ್ನಿಸಿತು. ಸದ್ದೇ ಇಲ್ಲ.

ಕೋಣೆಯಲ್ಲಿ ಅವು ಹೀಗಿರಲಿಲ್ಲ. ಅವಳು ಅವನ್ನು ಸಣ್ಣ ತಂತಿಯಿಂದ ಎಷ್ಟು ಹಗುರವಾಗಿ ತೂಗುಹಾಕಿದ್ದಳು ಅಂದರೆ, ಮನುಷ್ಯ ಸಮೀಪ ಬಂದ ಗಾಳಿಗೇ ಗಡಗಡ ಅನ್ನುತ್ತಿದ್ದವು. ಹತ್ತಿರ ಬಂದಷ್ಟೂ ಜೋರು. ಬಗ್ಗಿ ನೋಡಿದೆ. ಪ್ರತಿಯೊಂದರ ತಳಕ್ಕೂ ಸಣ್ಣ ದಾರ ಹಾಕಿ ನೆಲಕ್ಕೆ ಬಿಗಿದಿದ್ದರು. ಸುತ್ತ ಹಗ್ಗದ ಬೇಲಿ.

“ಇವನ್ನ ಯಾಕ ಕಟ್ಟೀರಿ?” ಅಂದೆ.

ಇನೆಸ್ ಮೆಲ್ಲಗೆ ಹೇಳಿದ್ದನ್ನು ಸಾಯಲಿ ದಾಟಿಸಿದಳು: “ಗೌರವಕ್ಕಂತ ಕಾಕಾ. ಇದು ಮೌನದ ಕೃತಿ ಅಂತ.”

ಗೋಡೆಯ ಮೇಲಿನ ಬರಹವನ್ನು ಸಾಯಲಿ ಸಾಲು ಸಾಲಾಗಿ ಹೇಳುತ್ತ ಹೋದಳು. ಕೃತಿಯ ಹೆಸರು ‘ಎಲುಬು’. ಕಲಾವಿದೆ ನೇಕಾರರ ಓಣಿಯ ಮಗಳು. ತಗಡು ಅವಳಿಗೆ ಬಟ್ಟೆ. ಕಾಡಿನ ಅಂಚಿನ ತಾಯಿಯಿಂದ ಪಡೆದ ಪುರಾತನ ಆಚರಣೆ. ಪೂರ್ವಜರ ಎಲುಬುಗಳು ಇಲ್ಲಿ ಮೌನವಾಗಿ ಪ್ರಾರ್ಥಿಸುತ್ತಿವೆ. ಭಾರತೀಯ ಹೆಣ್ಣಿನ ಸಹನೆ.

“ಎಲುಬು ಯಾರ ಹೇಳಿದ್ರು?”

ಸಾಯಲಿ ತಲೆ ತಗ್ಗಿಸಿದಳು. “ನಾನs. ಇವ್ರು ಮೊದ್ಲs ನನ್ನ ಕೇಳಿದ್ರು. ಕಸ್ತೂರಿ ಅಕ್ಕಾರು ಇಂಗ್ಲಿಷ್ ಅಕ್ಷರದಾಗ ಹಾಡ್ ಅಂತಷ್ಟs ಬರದಿದ್ರು. ಮರಾಠಿದಾಗ ಹಾಡ್ ಅಂದ್ರ ಎಲುಬು ಅಲ್ಲೇನ್ರಿ?”

“ಕನ್ನಡದಾಗ ಹಾಡ ಅಂದ್ರ ಪದ. ಹಾಡ್ತಾರಲಾ, ಅದು.”

ಇನೆಸ್‌ಗೆ ಇದು ತಿಳಿದಾಗ ಖುಷಿಯೇ ಆಯಿತು. ಎಲುಬಿನ ಬದಲು ಹಾಡು ಅಂತ ತಿದ್ದೋಣ, ಮಿಕ್ಕದ್ದು ಹಾಗೇ ಇರಲಿ, ಪೂರ್ವಜರು ಹಾಡುತ್ತಾರೆ ಅಂತ ಮಾಡಿದರಾಯಿತು ಅಂದಳು. ಸಹಿಗೆ ಕಾಗದ ಮುಂದಿಟ್ಟಳು. ನಾನು ನಾಳೆ ಮಾಡುತ್ತೇನೆ ಅಂದೆ. ಪೆನ್ನು ಅಲ್ಲೇ ಬಿಟ್ಟೆ.

ನಾವು ನೇಕಾರರಲ್ಲ. ಶಹಾಪುರದಲ್ಲಿ ಮಗ್ಗದ ಸದ್ದು ಕೇಳುತ್ತ ಬದುಕಿದ್ದೇವೆ, ಅಷ್ಟೇ. ಸಹನೆಯ ಮಾತಂತೂ ಅವಳ ಹತ್ತಿರ ಸುಳಿಯದು. ಕೋಣೆಯಲ್ಲಿ ಯಾರಾದರೂ ಅವಳ ಕತ್ತರಿ ಮುಟ್ಟಿದರೆ ಓಣಿಗೆ ಕೇಳುವ ಹಾಗೆ ಬೈಯುತ್ತಿದ್ದಳು.

ಪಕ್ಕದ ಕೋಣೆಗೆ ಹೋದೆ. ಆ ದೇಶದವನೇ ಒಬ್ಬ ಕಲ್ಲು, ಹಗ್ಗ ರಾಶಿ ಹಾಕಿದ್ದ. ಅದರ ಚೀಟಿಯಲ್ಲಿ ಅವನ ಹೆಸರು, ‘ಕಲ್ಲು, ಹಗ್ಗ’ ಅಂತ ಎರಡು ಪದ. ಮತ್ತೇನೂ ಇಲ್ಲ.

“ಸಾಯಲಿ, ಇವ್ನ ಕುಲದೇವ್ರು ಯಾವ್ದಂತ?”

“ಬರದಿಲ್ರಿ ಕಾಕಾ.”

“ಇವ್ನ ಅವ್ವ ಯಾವ ಊರಾಕಿ?”

“ಅದೂ ಇಲ್ರಿ.”

ಹಿಂದೊಮ್ಮೆ ದೊಡ್ಡ ಊರಿನವರಿಬ್ಬರು, ಪ್ರದರ್ಶನಕ್ಕೆ ಕಲಾವಿದರನ್ನು ಹುಡುಕುತ್ತ, ನಮ್ಮ ಅಂಗಡಿಗೆ ಬಂದಿದ್ದರು. ಒಬ್ಬರು, “ಶಹಾಪುರದಲ್ಲಿದ್ದು ಮಗ್ಗದ ಬಗ್ಗೆ ಯಾಕೆ ಏನೂ ಮಾಡಲಿಲ್ಲ?” ಅಂದರು. ಇನ್ನೊಬ್ಬರು, “ಖಾನಾಪುರದವರು ನೀವು, ಅಲ್ಲಿಯ ಕುಂಬಾರರ ಮಣ್ಣು ಎಷ್ಟು ಹೆಸರುವಾಸಿ! ಮೇಲಾಗಿ ಲಿಂಗಾಯತರು. ವಚನಗಳಿವೆ. ಈ ತಗಡಿನಲ್ಲಿ ನಿಮ್ಮತನ ಎಲ್ಲಿದೆ?” ಅಂದರು. ಕಸ್ತೂರಿ, “ಚಹಾ ಆರತೈತಿ, ತಗೋರಿ” ಅಂದಳು. ಅವರು ಹೋದ ಮೇಲೆ ರಸ್ತೆಯ ಕಡೆ ನೋಡುತ್ತ ಬಾಯೊಳಗೇ “ಹಾಡ್” ಅಂದಳು.

“ಯಾವ ಹಾಡ?” ಅಂತ ನಾನು ಕೇಳಿದೆ.

ಅವಳು ಸುತ್ತಿಗೆ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ಹೂಂ ಅಣ್ಣಾ, ಹಾಡs. ನಂದು ಒಂದs ಹಾಡ.”

ನನಗೆ ಆಗ ನಗುವ ಮಾತೇನಿದೆ ಅಂತ ತಿಳಿದಿರಲಿಲ್ಲ.

ಮೂರನೆಯ ದಿನ, ಬೆಳಿಗ್ಗೆ

ಅಲ್ಲಿ ಬೆಳಿಗ್ಗೆ ಆದಾಗ ಶಹಾಪುರದಲ್ಲಿ ಮಧ್ಯಾಹ್ನದ ಬಿಸಿಲು. ಹಾಲಿನ ಹೊರಗಿನ ಬೆಂಚಿನಲ್ಲಿ ಸಾಯಲಿಯೂ ನಾನೂ ಕೂತಿದ್ದೆವು. ಅವ್ವನಿಗೆ ಫೋನು ಹಚ್ಚಿದೆ. ಮೊಬೈಲನ್ನು ಕಿವಿಗೆ ಹಿಡಿದರೆ ಅವ್ವನ ಮಾತು ಸರಿಯಾಗಿ ಕೇಳುವುದಿಲ್ಲ ಅಂತ ಜೋರಾಗಿ ಕೇಳುವ ಹಾಗೆ ಇಟ್ಟಿದ್ದೆ.

“ಉಂಡೇನೋ? ಅಲ್ಲಿ ರೊಟ್ಟಿ ಸಿಗತಾವೇನು?”

“ಬ್ರೆಡ್ಡು ಸಿಗತೈತವ್ವಾ. ಕಲ್ಲಿನಂಗ ಇರತೈತಿ, ಒಳಗ ಮೆತ್ತಗ. ನೀ ಏನ ಮಾಡಾಕತ್ತಿ?”

“ಅಂಗಳದಾಗ ಶ್ಯಾವಗಿ ಒಣಾ ಹಾಕೀನಿ, ಕಾಯಕೋತ ಕುಂತೀನಿ. ಆ ಬರಹ ನೋಡಿದ್ಯಾ? ಚಂದ ಬರದಾರ? ಆಕಿ ಹೆಸರು ಬರೋಬ್ಬರಿ... ಹಾಡ್! ಹಾಡ್! ಹಾಡ್ ನಿನ್ನ!”

ಕೋಲು ನೆಲಕ್ಕೆ ಬಡಿದ ಸದ್ದು ಕೇಳಿತು.

“ನಿನಗಲ್ಲಪಾ. ನಾಯಿ ಬಂದಿತ್ತು.”

ಸಾಯಲಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವಳು ಹಣೆ ಹಣೆ ಬಡಿದುಕೊಂಡಳು. “ಅಯ್ಯ ದೇವ್ರ! ನಮ್ಮ ಪುಣೆದಾಗೂ ನಾಯಿಗೆ ಹಂಗs ಅಂತಾರ ಕಾಕಾ. ಹಾಡ್, ಹಾಡ್! ಅವರು ಅರ್ಥ ಏನು ಅಂತ ಕೇಳಿದ ಕೂಡಲೇ ನನಗ ಶಾಣ್ಯಾತನ ಬಂತು. ಎಲುಬು ಅಂದೆ.”

“ಅವ್ವಾ,” ಅಂದೆ. “ಕಸ್ತೂರಿ ನಿನ್ನ ತವರಮನಿ ಗದ್ಯಾಗ...”

“ಹೂಂ, ಪತ್ರಾದ ಹಗ್ಗಾ ಜಗ್ಗತಿತ್ತಲಾ. ಸಾಲಿ ಸೂಟಿ ಬಂದ್ರ ಅದs ಕೆಲ್ಸ. ಮಂಗ್ಯಾ ಬಂದ್ರ ಜಗ್ಗೂದು, ಹಾಡ್ ಹಾಡ್ ಅಂತ ಒದರೂದು. ಆರು ವರ್ಷದಾಕಿ ದನಿ ಊರಿಗೇ ಕೇಳ್ತಿತ್ತು. ಯಾಕ?”

ನಾನು ಆಮೇಲೆ ಹೇಳುತ್ತೇನೆ ಅಂತ ಫೋನು ಇಟ್ಟೆ.

ಮೂರನೆಯ ದಿನ, ಸಂಜೆ

ಇನೆಸ್‌ಗೆ ಸಾಯಲಿ ಎಲ್ಲವನ್ನೂ ಹೇಳಿದಳು. ಅವಳ ಮುಖ ಸಣ್ಣಗಾಯಿತು. ಬಾಗಿಲು ತೆರೆಯಲು ಎರಡು ತಾಸು ಉಳಿದಿತ್ತು. ಗೋಡೆಯ ಬರಹವೇ ಇದ್ದ ಪ್ರದರ್ಶನದ ಪುಸ್ತಕವೂ ಅಚ್ಚಾಗಿ ಬಂದು ಮೇಜಿನ ಮೇಲಿತ್ತು.

“ಇಲ್ಲಿಯ ಜನಕ್ಕ ಈ ತಗಡೊಳಗ ಹೋಗಾಕ ಒಂದು ಬಾಗಿಲಾ ಬೇಕು ಅಂತಾರ ಕಾಕಾ. ದೂರದ ದೇಶ, ಅವರಿಗೆ ಏನೂ ಗೊತ್ತಿಲ್ಲ. ಅದಕ್ಕs ಓಣಿ, ತಾಯಿ, ಕಾಡು ಅಂತ ಬರದದ್ದಂತ.”

“ಆಕಿ ಬಾಗಿಲಾ ಮಾಡಿಲ್ಲವಾ. ನಾನು ದಿನಾ ಬಾಗಿಲಾ ಮಾಡ್ತೀನಿ, ನನಗ ಗೊತ್ತೈತಿ. ಇದು ಬರಬ್ಯಾಡ್ರಿ ಅನ್ನೂ ಪತ್ರಾ. ಬರಬ್ಯಾಡ್ರಿ ಅಂತ ಹೇಳಾಕs ತೂಗು ಹಾಕ್ಯಾಳ. ನೀವು ಅದರ ಬಾಯಿ ಕಟ್ಟೀರಿ.”

ಇನೆಸ್ ಬಹಳ ಮೆದುವಾಗಿ ಕೇಳಿದಳು: ಹಾಗಾದರೆ ನಾಯಿ ಓಡಿಸುವ ಪದ ಅಂತಲೇ ಬರೆಯೋಣವೇ? ಕಾಡಿನ ಅಂಚಿನ ರೈತರ ಸಂಪ್ರದಾಯ ಅಂತ?

ಆಗ ನನಗೆ ಸಿಟ್ಟು ಬಂತು. ನಾನು ಸಿಟ್ಟಿನ ಮನುಷ್ಯನಲ್ಲ. ಕಸ್ತೂರಿ ಹೋದಾಗಲೂ ದೇವರ ಮೇಲೆ ಸಿಟ್ಟಾಗಲು ನನಗೆ ಬರಲಿಲ್ಲ.

“ಬಾಜು ಖೋಲ್ಯಾಗ ಕಲ್ಲು ಹಗ್ಗ ಅಂತ ಎರಡs ಪದ ಬರದೀರಿ. ಅವ್ನಿಗೆ ಸಂಪ್ರದಾಯ ಇಲ್ಲೇನು? ಅವ್ನಿಗೆ ಅವ್ವ ಇಲ್ಲೇನು? ಅವ್ನು ಬರೇ ಕಲಾವಿದ. ನನ್ನ ತಂಗಿ ಬಂದಳಂದ್ರ ಆಕಿ ಹಿಂದ ಓಣಿ, ಜಾತಿ, ಕಾಡು, ಪೂರ್ವಜರು ಎಲ್ಲಾರೂ ಬರಬೇಕು. ಇದಕ್ಕ ನಾ ಸಹಿ ಮಾಡೂದಿಲ್ಲ. ಆಕಿ ಹೆಸರು, ಆಕಿ ಬರದ ಪದ, ಪತ್ರಾ. ಇಷ್ಟs. ಅರ್ಥ ಬರೀಬ್ಯಾಡ್ರಿ. ಆಗೂದಿಲ್ಲ ಅಂದ್ರ ಮೂವತ್ತಾರೂ ಇಳಸ್ತೀನಿ. ಡಬ್ಬಿ ಕಟ್ಟೂದು ನನಗ ಬರತೈತಿ.”

ಸಾಯಲಿ ಒಂದು ಮಾತೂ ಬಿಡದೆ ದಾಟಿಸಿದಳು. ನನಗಿಂತ ಜೋರಾಗಿಯೇ ಹೇಳಿದಳು ಅನ್ನಿಸಿತು.

ನಾನು ಹಗ್ಗದ ಬೇಲಿ ದಾಟಿ ಮೊದಲನೆಯ ತಗಡಿನ ಮುಂದೆ ಮಂಡಿಯೂರಿದೆ. ದಾರದ ಗಂಟು ಉಗುರಿಗೆ ಸಿಗಲಿಲ್ಲ. ಕತ್ತರಿ ಗೋವಾದಲ್ಲಿತ್ತು. ಹಲ್ಲಿನಿಂದ ಬಿಡಿಸಲು ಬಗ್ಗಿದಾಗ ಯಾರೋ ನನ್ನ ಭುಜ ಮುಟ್ಟಿದರು. ಫಾತಿಮಾ. ಸ್ವೆಟರು ಹೆಣೆಯುವ ಚೀಲದಿಂದ ತನ್ನ ಸಣ್ಣ ಕತ್ತರಿ ತೆಗೆದು ಕೊಟ್ಟಳು. ನನಗೆ ಕೊಟ್ಟು ಸುಮ್ಮನಾಗಲಿಲ್ಲ, ಎರಡನೆಯ ತಗಡಿನ ತಳಕ್ಕೆ ತಾನೂ ಕೂತಳು.

ಮೊದಲನೆಯ ದಾರ ಕಡಿದಾಗ ತಗಡು ಒಮ್ಮೆ ಮೈ ಮುರಿದ ಹಾಗೆ ಗಡಗಡ ಅಂದಿತು. ಒಂದು ವರ್ಷ ಮೂರು ತಿಂಗಳ ಮೇಲೆ ಆ ಸದ್ದು ಕೇಳಿದೆ. ಅಲ್ಲಿಯೇ ನೆಲದ ಮೇಲೆ ಕೂತು ಅತ್ತೆ. ಅವಳು ಹೋದ ದಿನ ಬರದ ಅಳು.

ಹತ್ತನೆಯದೋ ಹನ್ನೊಂದನೆಯದೋ ಬಿಚ್ಚುವಾಗ ನೋಡಿದರೆ ಇನೆಸ್ ಕುರ್ಚಿ ಹತ್ತಿ ಗೋಡೆಯ ಮೇಲಿನ ಅಕ್ಷರಗಳನ್ನು ಉಗುರಿನಿಂದ ಕಿತ್ತು ತೆಗೆಯುತ್ತಿದ್ದಳು. ಅಂಟಿನ ಕಲೆ ಉಳಿಯಿತು. ಇರಲಿ ಬಿಡು ಅಂದೆ. ಪುಸ್ತಕದ ಆ ಪುಟಕ್ಕೆ ಬಿಳಿ ಕಾಗದ ಅಂಟಿಸುತ್ತೇನೆ, ಮೇಲಿನವರಿಗೆ ನಾನೇ ಉತ್ತರ ಕೊಡುತ್ತೇನೆ ಅಂದಳು. ಹೊಸ ಚೀಟಿಯಲ್ಲಿ ಮೂರೇ ಸಾಲು: ಕಸ್ತೂರಿಯ ಹೆಸರು, ‘ಹಾಡ್’, ‘ತಗಡು, ತಂತಿ’. ಅದಕ್ಕೆ ಸಹಿ ಮಾಡಿದೆ. ಕನ್ನಡದಲ್ಲಿ ಮಾಡಿದೆ. ಅದು ನನ್ನ ಸಂಸ್ಕೃತಿ ಅಂತ ಯಾರೂ ಫೋಟೋ ತೆಗೆಯಬಾರದು ಅಂತ ಸಾಯಲಿಗೆ ಹೇಳಿದೆ. ನಾನು ಸಹಿ ಮಾಡಲು ಕಲಿತದ್ದೇ ಆ ಅಕ್ಷರದಲ್ಲಿ, ಅಷ್ಟೇ.

ಹಗ್ಗದ ಬೇಲಿ ತೆಗೆದು ಬಾಗಿಲು ತೆರೆದಾಗ ಜನ ಬಂದರು. ನಾನು ಪ್ಯಾಂಟು, ಅರ್ಧ ತೋಳಿನ ಅಂಗಿ ಹಾಕಿಕೊಂಡು ಗೋಡೆಗೆ ನಿಂತಿದ್ದೆ. ಕರಿ ಕೋಟಿನ ಒಬ್ಬ ಚೀಟಿ ಓದಿ, ಹಿಂದೆ ಮುಂದೆ ನೋಡಿ, ಮತ್ತೇನೂ ಬರೆದಿಲ್ಲ ಅಂತ ತಗಡಿನ ಹತ್ತಿರ ಹೋದ. ಮೂವತ್ತಾರೂ ಅವನ ಮೇಲೆ ಒದರಿದವು. ಅವನ ಕೈಯ ಗ್ಲಾಸು ತುಳುಕಿತು. ಎರಡು ಹೆಜ್ಜೆ ಹಿಂದೆ ಸರಿದ. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ನಕ್ಕರು, ಯಾರೋ ಕಿವಿ ಮುಚ್ಚಿಕೊಂಡರು. ಒಬ್ಬಾಕೆ ಬಂದು ಸಾಯಲಿಯ ಮೂಲಕ ಕೇಳಿದಳು: ಈ ಪದದ ಅರ್ಥ ಏನು?

“ಹತ್ರ ಹೋಗಂತ ಹೇಳವಾ. ಪತ್ರಾನs ಹೇಳತೈತಿ.”

ಫಾತಿಮಾ ಮಾತ್ರ ಹೆದರಲಿಲ್ಲ. ಬಾಗಿಲು ಬಿಟ್ಟು ಬಂದು, ಒಂದು ತಗಡಿನ ಅಂಚಿನ ಮೇಲೆ ಬೆರಳು ಎಳೆದಳು. ಎಲ್ಲಿಯೂ ಕೊಯ್ಯಲಿಲ್ಲ. ಪೂರ್ತಿ ಸುತ್ತಲೂ ಒಳಕ್ಕೆ ಮಡಚಿದ ಅಂಚು. ನನ್ನ ಕಡೆ ತಿರುಗಿ ತಲೆ ಆಡಿಸಿದಳು. ಒಂದೊಂದು ಹಾಳೆಯ ನಾಲ್ಕೂ ಅಂಚು ಮಡಚಲು ಕಸ್ತೂರಿ ಅರ್ಧ ದಿನ ತೆಗೆದುಕೊಳ್ಳುತ್ತಿದ್ದಳು. ಯಾಕಿಷ್ಟು ಕಷ್ಟ ಅಂತ ನಾನು ಕೇಳಿದ್ದಕ್ಕೆ, “ಬಂದವ್ರು ಬೆದರಬೇಕಣ್ಣಾ. ಕೈ ಕೊಯ್ಕೋಬಾರ್ದು” ಅಂದಿದ್ದಳು.

ಶಹಾಪುರ

ವಾಪಸು ಬರುವಾಗ ಕಣಕುಂಬಿಯಲ್ಲಿ ಗಾಡಿ ನಿಲ್ಲಿಸಿದೆ. ಭತ್ತ ಕೊಯ್ದಿದ್ದರು. ತಗಡುಗಳನ್ನು ಇನ್ನೂ ಬಿಚ್ಚಿರಲಿಲ್ಲ. ಹತ್ತಿರ ಹೋಗಿ ಹಗ್ಗ ಒಮ್ಮೆ ಜಗ್ಗಿದೆ. ಯಾರೂ ಓಡಲಿಲ್ಲ. ಓಡುವವರು ಯಾರೂ ಇರಲಿಲ್ಲ.

ಮನೆಯಲ್ಲಿ ಅವ್ವ ಒಣಗಿದ ಶ್ಯಾವಗಿಯನ್ನು ಡಬ್ಬಿಗೆ ತುಂಬುತ್ತಿದ್ದಳು. ಆ ಡಬ್ಬಿ ಕಸ್ತೂರಿ ಮಾಡಿದ್ದು, ಕಲಿಯುವಾಗಿನದು, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ನಾನು ಫೋಟೋ ತೋರಿಸಿದೆ, ಚೀಟಿ ಓದಿ ಹೇಳಿದೆ. ಅವ್ವ ಎಲ್ಲ ಕೇಳಿದಳು.

“ಮಂದಿ ಏನಂದ್ರೋ?”

“ಏನೂ ಅನ್ನಲಿಲ್ಲವ್ವಾ. ಹತ್ರ ಬಂದವ್ರು ಬೆದರಿ ಎರಡ ಹೆಜ್ಜಿ ಹಿಂದ ಸರದ್ರು.”

ಅವ್ವ ಮುಚ್ಚಳವನ್ನು ಅಂಗೈಯಿಂದ ಒತ್ತಿದಳು. ಅದು ಟಕ್ ಅಂತ ಸದ್ದು ಮಾಡಿ, ಎಂದಿನಂತೆ ಒಂದು ಬದಿಗೆ ಎದ್ದು ನಿಂತಿತು.

“ಹಂಗಾರ ಅವ್ರಿಗೆ ತಿಳದೈತಿ ಬಿಡು,” ಅಂದಳು.